ಮೂಗಿನ ಅಳತೆಯೂ ಕೂಲಿಯ ಅಳತೆಯೂ

"ಜನಾಂಗದ್ವೇಷ ಬಿಳಿಯರ ರೋಗ, ನಮ್ಮ ಪುಣ್ಯಭೂಮಿಗೆ ಅದು ಸೋಂಕಿಲ್ಲ" ಎಂದು ವೇದಿಕೆಯ ಮೇಲೆ ನಿಂತು ಚಪ್ಪಾಳೆ ಗಿಟ್ಟಿಸುವ ಮಹನೀಯರು ನಮ್ಮಲ್ಲಿ ಕಡಿಮೆಯಿಲ್ಲ. ಅಂಥವರನ್ನು ನಾವು ಒಮ್ಮೆ ಹೆಸರಘಟ್ಟದ ರಸ್ತೆಗೆ ಕರೆದೊಯ್ಯಬಯಸುತ್ತೇವೆ. ದೂರವೇನಲ್ಲ, ನಮ್ಮ ನೆಲಮಂಗಲ, ದೊಡ್ಡಬಳ್ಳಾಪುರ ತಾಲ್ಲೂಕುಗಳ ಮಗ್ಗುಲಲ್ಲೇ ಇದೆ.

2016ರ ಜನವರಿ 31ರ ರಾತ್ರಿ ಅಲ್ಲಿ ಸೂಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರಿಗೆ ಸಿಕ್ಕಿ ಒಬ್ಬ ಹೆಣ್ಣುಮಗಳು ಸತ್ತಳು. ಆ ಸಾವಿಗೆ ನ್ಯಾಯ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಡೆದದ್ದೇನು? ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನೂ ಅವಳ ಗೆಳೆಯರನ್ನೂ ಗುಂಪು ಹಿಡಿದು ಬಡಿಯಿತು. ಅವರ ಕಾರಿಗೆ ಬೆಂಕಿಯಿಟ್ಟಿತು. ಸೂಡಾನ್ ಬೇರೆ, ಟಾಂಜಾನಿಯಾ ಬೇರೆ. ಭಾಷೆ ಬೇರೆ, ಗಡಿ ಬೇರೆ. ಗುಂಪಿನ ಕಣ್ಣಿಗೆ ಬಿದ್ದದ್ದು ಮೈಬಣ್ಣವೊಂದೇ. ಹೊಸಕೋಟೆಯ ಲಾರಿ ಚಾಲಕನೊಬ್ಬ ಚಿತ್ತೂರಿನಲ್ಲಿ ಅಪಘಾತ ಮಾಡಿದನೆಂದು, ಆಮೇಲೆ ಅಲ್ಲಿಗೆ ಹೋದ ದೇವನಹಳ್ಳಿಯ ಚಕ್ಕೋತ ವ್ಯಾಪಾರಿಯನ್ನು ಹಿಡಿದು ಹೊಡೆದರೆ ನಾವು ಸುಮ್ಮನಿರುತ್ತೇವೆಯೆ? ಅಂದಿನ ಗೃಹಮಂತ್ರಿ ಡಾ. ಜಿ. ಪರಮೇಶ್ವರ್ ಮಾತ್ರ ಇದು ಜನಾಂಗೀಯ ಹಲ್ಲೆಯಲ್ಲ, ಅಪಘಾತಕ್ಕೆ ಬಂದ ಪ್ರತಿಕ್ರಿಯೆ ಎಂದರು! ಏನೂ ಮಾಡದವಳಿಗೆ ಬಿದ್ದ ಏಟಿಗೆ ಮೈಬಣ್ಣವಲ್ಲದೆ ಬೇರೆ ಯಾವ ಕಾರಣವಿತ್ತು?

ಈ 'ಜನಾಂಗ' ಎಂಬುದು ಎಲ್ಲಿಂದ ಬಂತು? ರಕ್ತದಿಂದ ಬಂದದ್ದಲ್ಲ, ದಫ್ತರದಿಂದ ಬಂದದ್ದು. 1901ರ ಜನಗಣತಿಯ ಕಮಿಷನರಾಗಿದ್ದ ಹರ್ಬರ್ಟ್ ರಿಸ್ಲಿ ಎಂಬ ದೊರೆ ನಮ್ಮ ಜನರ ಮೂಗನ್ನು ಅಳೆಯುವ ವಿದ್ಯೆ ತಂದ. ಮೂಗು ಅಗಲವಾದಷ್ಟೂ ಜಾತಿ ಕೀಳು, ನೀಳವಾದಷ್ಟೂ ಮೇಲು ಎಂದು ಸಿದ್ಧಾಂತ ಕಟ್ಟಿದ. ದೇಶದ ಜನರನ್ನೆಲ್ಲ ಏಳು ಖಾನೆಗಳಿಗೆ ಹಂಚಿದ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರ ಮೂಗೇ ಒಂದು ಅಳತೆಯಲ್ಲಿರುವುದಿಲ್ಲ! ಆದರೂ ಮೇಲಿನ ಖಾನೆ ಸಿಕ್ಕ ನಮ್ಮ ಕೆಲವು ಪಂಡಿತರಿಗೆ ಆ ಲೆಕ್ಕ ಬೆಲ್ಲದಂತೆ ರುಚಿಸಿತು.

ಅಮೆರಿಕದ ತಮಾಷೆಯನ್ನೂ ಕೇಳಿ. 1920ರಿಂದ 1940ರವರೆಗಿನ ಜನಗಣತಿಗಳಲ್ಲಿ ಭಾರತೀಯರ ಜನಾಂಗ 'ಹಿಂದೂ'. ಸಿಖ್ಖನಾದರೂ ಅಷ್ಟೇ, ಮುಸಲ್ಮಾನನಾದರೂ ಅಷ್ಟೇ. 1970ರಲ್ಲಿ ಅವರನ್ನೇ 'ಬಿಳಿಯರು' ಎಂದು ಎಣಿಸಿದರು. 1980ರಲ್ಲಿ 'ಏಷ್ಯನ್ ಇಂಡಿಯನ್' ಎಂದರು. ಮನುಷ್ಯ ಅವನೇ, ಚರ್ಮ ಅದೇ. ಬದಲಾದದ್ದು ಗುಮಾಸ್ತನ ಕಾಗದ. ಕಾಗೋಡಿನ ರೈತರ ಜೊತೆ ನಿಂತು 1951ರಲ್ಲಿ ಸೆರೆಯಾದ ನಮ್ಮ ಲೋಹಿಯಾ, 1964ರಲ್ಲಿ ಅಮೆರಿಕದ ಜಾಕ್ಸನ್ ನಗರದ ಹೋಟೆಲೊಂದರ ಬಾಗಿಲಲ್ಲಿ ಬಣ್ಣದ ಕಾರಣಕ್ಕೆ ತಡೆಯಲ್ಪಟ್ಟು, ಹಿಂತಿರುಗಲೊಲ್ಲದೆ ಅಲ್ಲಿಯೂ ಬಂಧನಕ್ಕೊಳಗಾದರು. ಯುನೆಸ್ಕೋ ಕರೆದ ವಿದ್ವಾಂಸರು 1950ರಲ್ಲೇ ಜನಾಂಗವೆಂಬುದು ಹೆಚ್ಚಾಗಿ ಸಮಾಜ ಹೆಣೆದ ಕಟ್ಟುಕಥೆ ಎಂದು ಸಾರಿದರು. ಯಾವ ಇಬ್ಬರನ್ನು ತೆಗೆದುಕೊಂಡರೂ ವಂಶವಾಹಿ ಸಾವಿರದಲ್ಲಿ ಸುಮಾರು 999 ಪಾಲು ಒಂದೇ ಎಂದು ಇಂದಿನ ವಿಜ್ಞಾನ ಹೇಳುತ್ತಿದೆ.

ಕಟ್ಟುಕಥೆಯಾದರೆ ಅದನ್ನು ಕಟ್ಟಿದವರಿಗೆ ಲಾಭವೇನು? ಅಂಗಡಿ ಇಟ್ಟಿರುವ ಬಂಧುಗಳು ಉಪ್ಪು ಕೊರಚರ ಕಥೆಯನ್ನು ಮನಸ್ಸಿಟ್ಟು ಕೇಳಬೇಕು. ಅವರೂ ವ್ಯಾಪಾರಿಗಳೇ. ಕರಾವಳಿಯ ಉಪ್ಪನ್ನು ದನಗಳ ಮೇಲೆ ಹೇರಿ ಒಳನಾಡಿನ ಹಳ್ಳಿಹಳ್ಳಿಗೆ ಮುಟ್ಟಿಸಿ, ಧಾನ್ಯ ಕೊಂಡು ಹಿಂತಿರುಗುತ್ತಿದ್ದವರು. ರೈಲು ಬಂತು, ಸರ್ಕಾರದ ಉಪ್ಪಿನ ನೀತಿ ಬಂತು, ಅವರ ಕಸುಬು ಮುರಿಯಿತು. ಅನ್ನ ಕಿತ್ತುಕೊಂಡ ಸರ್ಕಾರವೇ ಅವರ ಹಣೆಗೆ 'ಹುಟ್ಟು ಅಪರಾಧಿಗಳು' ಎಂಬ ಚೀಟಿ ಅಂಟಿಸಿತು. 1871ರಲ್ಲಿ ಉತ್ತರದಲ್ಲಿ ತಂದ ಕ್ರಿಮಿನಲ್ ಬುಡಕಟ್ಟುಗಳ ಕಾಯಿದೆಯನ್ನು 1911ರಲ್ಲಿ ದಕ್ಷಿಣಕ್ಕೂ ಹಬ್ಬಿಸಿದರು. ಹಾಜರಿ ಹಾಕಬೇಕು, ಅಪ್ಪಣೆಯಿಲ್ಲದೆ ಊರು ಬಿಡಕೂಡದು. ಇಂಥ ಹಲವು ಕುಲಗಳವರನ್ನು ತಂತಿಬೇಲಿಯ ಸೆಟ್ಲಮೆಂಟುಗಳಿಗೆ ನೂಕಿದರು. ಹುಬ್ಬಳ್ಳಿ, ಗದಗಿನಲ್ಲಿ ಆ ಹೆಸರು ಇನ್ನೂ ಅಳಿಸಿಲ್ಲ. ಸೊಲ್ಲಾಪುರದ ಸೆಟ್ಲಮೆಂಟಿನ ಆಳುಗಳು ಹೋದದ್ದೆಲ್ಲಿಗೆ? ಹತ್ತಿಯ ಗಿರಣಿಗಳಿಗೆ! ಗಿರಣಿ ಬಂಧುಗಳೆ, ಗುಟ್ಟು ಇಲ್ಲಿದೆ: ಮೊದಲು ಮನುಷ್ಯನನ್ನು ಕೀಳೆಂದು ಬರೆಯುವುದು, ಆಮೇಲೆ ಅವನ ಕೂಲಿಯನ್ನು ಕೀಳಾಗಿ ಬರೆಯುವುದು. ಕಾಯಿದೆ 1952ರ ಆಗಸ್ಟ್ 31ರಂದು ಸತ್ತಿತು. ಅದು ಕಲಿಸಿದ ಬುದ್ಧಿ ಸತ್ತಿಲ್ಲ.

ಸತ್ತಿದ್ದರೆ 2012ರ ಆಗಸ್ಟ್ ತಿಂಗಳಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ದುಡಿಮೆಗಾರರು ವದಂತಿಗೆ ಹೆದರಿ, ಬೆಂಗಳೂರಿನಿಂದ ಗುವಾಹಟಿಯ ವಿಶೇಷ ರೈಲುಗಳನ್ನು ಹತ್ತಿ ಓಡಬೇಕಿತ್ತೆ? ಬೀದಿಯಲ್ಲಿ ದಿನವೂ 'ಚೀನದವನು' ಎಂದು ಕೂಗಿಸಿಕೊಂಡವನಿಗೆ ಕೊಲ್ಲಲು ಬರುತ್ತಾರೆಂಬ ಮಾತು ಸುಳ್ಳೆಂದು ತೋರುವುದು ಹೇಗೆ?

"ಹೊರಗಿನವರು ಬಂದು ನಮ್ಮ ಕೂಲಿ ಇಳಿಸಿದರು" ಎನ್ನುವ ಮಗ್ಗದ ಸೋದರನ ಅಳಲು ನಮಗೆ ತಿಳಿಯದ್ದಲ್ಲ; ಹೊಟ್ಟೆಯ ಉರಿ ಅದು. ಆದರೆ ಕೂಲಿಯ ದರ ಬರೆಯುವವನು ಯಾರು? ಲಾಳಿಯ ಮುಂದೆ ನಿಂತ ಬಿಹಾರದ ಹುಡುಗನೆ, ಲೆಕ್ಕದ ಪುಸ್ತಕ ಹಿಡಿದ ಧಣಿಯೆ? ಆ ಹುಡುಗನನ್ನು ನಾವು ದೂರ ಇಟ್ಟಷ್ಟೂ ಅವನು ಧಣಿ ಕೊಟ್ಟಷ್ಟಕ್ಕೆ ದುಡಿಯಬೇಕು. ಅವನು ದುಡಿದಷ್ಟಕ್ಕೇ ನಾಳೆ ನಾವೂ ದುಡಿಯಬೇಕು. ಅವನನ್ನು ಜರಿದು ನಮ್ಮ ಕೂಲಿ ಒಂದು ಕಾಸೂ ಏರದು.

ಆದ್ದರಿಂದ ನಾವು ಹೇಳುವುದು ಇಷ್ಟು. ಒಂದೇ ಕೆಲಸಕ್ಕೆ ಒಂದೇ ಕೂಲಿ, ಊರು ಯಾವುದೇ ಇರಲಿ, ಬಣ್ಣ ಯಾವುದೇ ಇರಲಿ. ಕಾರ್ಮಿಕ ಸಂಘದ ರಸೀದಿ ಪುಸ್ತಕ ಎಲ್ಲರಿಗೂ ತೆರೆದಿರಲಿ. ಮುಖ ನೋಡಿ ಬಾಡಿಗೆ ಏರಿಸುವುದು, ಮುಖ ನೋಡಿ ತಕ್ಕಡಿ ಹಿಡಿಯುವುದು ನಿಲ್ಲಲಿ. ಬೀದಿಯಲ್ಲಿ ಗುಂಪು ಸೇರಿ ಒಬ್ಬರ ಮೇಲೆ ಕೈ ಎತ್ತಿದ ದಿನ, ಕೈ ಹಿಡಿದು ತಡೆಯುವ ಮೊದಲ ಮನುಷ್ಯ ನಮ್ಮ ಸಂಘದವನಾಗಿರಲಿ.

ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇದ್ದರೂ ಸೀರೆ ಒಂದೇ ಎಂಬುದನ್ನು ದೊಡ್ಡಬಳ್ಳಾಪುರದ ನೇಕಾರನಿಗೆ ಯಾರೂ ಕಲಿಸಬೇಕಾಗಿಲ್ಲ.