ಉಣಿಸಿ ಹೊಡೆಯುವ ಹಂದಿಯ ಲೆಕ್ಕ

ಅಮೆರಿಕದ ಟೆಕ್ಸಾಸ್ ರಾಜ್ಯದ ಜಾನುವಾರು ಜಮೀನುಗಳಲ್ಲಿ ಮೂರು ಕಾಲುಗಳ ಮೇಲೆ ನಿಂತ ಪೀಪಾಯಿಯೊಂದು ಸಾಮಾನ್ಯವಾಗಿ ಕಣ್ಣಿಗೆ ಬೀಳುವ ವಸ್ತು. ಅದರ ತುಂಬ ಮೆಕ್ಕೆಜೋಳ. ಕೆಳಗೆ ಬ್ಯಾಟರಿಯಿಂದ ತಿರುಗುವ ತಟ್ಟೆ, ಅದಕ್ಕೆ ಜೋಡಿಸಿದ ಗಡಿಯಾರ. ಬೆಳಗಿನ ಜಾವ ಮತ್ತು ಮುಸ್ಸಂಜೆಯ ನಿಗದಿತ ಹೊತ್ತಿಗೆ ತಟ್ಟೆ ಕೆಲವು ಕ್ಷಣ ತಿರುಗಿ ಕಾಳುಗಳನ್ನು ಸುತ್ತಲೂ ಎರಚುತ್ತದೆ. ಬೆವರಿ ಮೈ ತಂಪು ಮಾಡಿಕೊಳ್ಳಲಾರದ ಹಂದಿ ಬೇಸಿಗೆಯ ಹಗಲನ್ನು ಪೊದೆ, ಕೆಸರುಗಳಲ್ಲಿ ಕಳೆದು ಸಂಜೆ ಹೊರಬೀಳುತ್ತದೆ. ಯಂತ್ರದ ಸದ್ದು ಅದಕ್ಕೆ ಊಟದ ಗಂಟೆಯಾಗುತ್ತದೆ. ತುಸು ದೂರದ ಅಟ್ಟಣೆಯಲ್ಲಿ ಬಂದೂಕುಧಾರಿ ಕಾದಿರುತ್ತಾನೆ. ಒಂದೋ ಎರಡೋ ಹಂದಿಗಳು ಬೀಳುತ್ತವೆ. ಉಳಿದವು ಚದುರುತ್ತವೆ. ಮರುದಿನ ಗಡಿಯಾರ ಮತ್ತೆ ತಟ್ಟೆಯನ್ನು ತಿರುಗಿಸುತ್ತದೆ.

ಇದನ್ನು ಅಲ್ಲಿ ಹಂದಿ ನಿಯಂತ್ರಣವೆಂದು ಕರೆಯುವುದುಂಟು. ನಮ್ಮ ಮಲೆನಾಡಿನ ಬೆಳೆಗಾರರ ಸಭೆಗಳಲ್ಲಿಯೂ 'ಅಮೆರಿಕದಲ್ಲಿ ಹಂದಿ ಹೊಡೆಯಲು ಪರವಾನಗಿಯೇ ಬೇಡ, ನಮಗೇಕೆ ಈ ಕಟ್ಟುಪಾಡು' ಎಂಬ ಮಾತು ಕೇಳಿಬರುತ್ತದೆ. ಮಾತು ಸುಳ್ಳಲ್ಲ. ಟೆಕ್ಸಾಸಿನಲ್ಲಿ 2019ರಿಂದ ಖಾಸಗಿ ಜಮೀನಿನಲ್ಲಿ ಮಾಲೀಕನ ಒಪ್ಪಿಗೆಯಿದ್ದರೆ ಸಾಕು, ಬೇಟೆಯ ಪರವಾನಗಿ ಬೇಕಿಲ್ಲ. 2011ರಲ್ಲಿಯೇ ಹೆಲಿಕಾಪ್ಟರಿನಿಂದ ಹೊಡೆಯಲು ದಾರಿ ಸುಗಮವಾಯಿತು. 2017ರಲ್ಲಿ ಬಿಸಿಗಾಳಿ ಬಲೂನಿಗೂ ಅನುಮತಿ ದೊರೆಯಿತು. ಇಷ್ಟೆಲ್ಲ ಆದ ಮೇಲೂ ಆ ಒಂದು ರಾಜ್ಯದಲ್ಲಿ ಇಪ್ಪತ್ತು ಲಕ್ಷಕ್ಕೂ ಮಿಗಿಲಾದ ಹಂದಿಗಳಿವೆ ಎಂದು ಅಂದಾಜಿಸಲಾಗುತ್ತದೆ. ಮಾದರಿಯೆಂದು ಒಪ್ಪಿಕೊಳ್ಳುವ ಮೊದಲು ಈ ಸಂಗತಿಯನ್ನು ಬಿಡಿಸಿ ನೋಡಬೇಕು.

ಆ ಹಂದಿಗಳು ಅಮೆರಿಕದ ಮೂಲನಿವಾಸಿಗಳಲ್ಲ. 1539ರಲ್ಲಿ ಸ್ಪೇನಿನ ಹೆರ್ನಾಂಡೊ ಡಿ ಸೋಟೊ ಫ್ಲಾರಿಡಾದಲ್ಲಿ ಇಳಿದಾಗ ದಂಡಿನ ಆಹಾರಕ್ಕೆಂದು ತಂದ ಹಂದಿಗಳು, ಬಳಿಕ ವಲಸಿಗರು ಬಯಲಿಗೆ ಬಿಟ್ಟು ಸಾಕಿದ ಹಂದಿಗಳು ಕಾಡುಪಾಲಾದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೇಟೆಯ ಮೋಜಿಗೆಂದೇ ಯುರೋಪಿನ ಕಾಡುಹಂದಿಯನ್ನು ತಂದು ಬಿಟ್ಟರು, ಎರಡೂ ಬೆರೆತವು. 1980ರ ದಶಕದ ಆರಂಭದಲ್ಲಿ ಹದಿನೇಳು ರಾಜ್ಯಗಳಿಗೆ ಸೀಮಿತವಾಗಿದ್ದ ಈ ಹಂದಿಗಳು ಮುಂದೆ ಮೂವತ್ತೈದಕ್ಕೂ ಹೆಚ್ಚು ರಾಜ್ಯಗಳನ್ನು ತಲುಪಿದವು. ಅಷ್ಟು ದೂರವನ್ನು ಹಂದಿ ತನ್ನ ಕಾಲಿನಿಂದಲೇ ಕ್ರಮಿಸಲಿಲ್ಲ. ಬೇಟೆಗೆ ಹಂದಿಯಿಲ್ಲದ ಕಡೆಗೆ ಜನರೇ ರಾತ್ರೋರಾತ್ರಿ ವಾಹನಗಳಲ್ಲಿ ಸಾಗಿಸಿ ಬಿಟ್ಟರು.

ಇನ್ನು ಸಂತಾನದ ಲೆಕ್ಕ. ಹೆಣ್ಣು ಹಂದಿಯ ಗರ್ಭಾವಧಿ ಸುಮಾರು 115 ದಿನ. ಆರೆಂಟು ತಿಂಗಳಿಗೆ ಅದು ಬೆದೆಗೆ ಬರಬಲ್ಲದು. ಸಂಖ್ಯೆ ಏರದಂತೆ ಇದ್ದಲ್ಲೇ ನಿಲ್ಲಿಸಬೇಕಾದರೂ ಪ್ರತಿ ವರ್ಷ ಸುಮಾರು ಮೂರರಲ್ಲಿ ಎರಡು ಪಾಲನ್ನು ತೆಗೆಯಬೇಕೆಂದು ಟೆಕ್ಸಾಸಿನ ತಜ್ಞರೇ ಹೇಳುತ್ತಾರೆ. ಇಪ್ಪತ್ತರ ಹಿಂಡಿನಿಂದ ವರ್ಷಕ್ಕೆ ಹದಿಮೂರು. ಅಟ್ಟಣೆಯ ಬೇಟೆಗಾರನ ಕಣ್ಣು ಕೋರೆಹಲ್ಲಿನ ದೊಡ್ಡ ಗಂಡಿನ ಮೇಲೆ. ಒಂದು ಗಂಡು ಸತ್ತರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ, ಮರಿಗಳ ಸಂಖ್ಯೆ ಕಡಿಮೆಯಾಗುವುದಿಲ್ಲ. ತಪ್ಪಿಸಿಕೊಂಡ ಹೆಣ್ಣುಗಳಾದರೋ ಪಾಠ ಕಲಿತು ಇನ್ನೂ ಕತ್ತಲಾದ ಮೇಲೆ ಬರುತ್ತವೆ, ಇಲ್ಲವೇ ಪಕ್ಕದ ಜಮೀನಿಗೆ ಸರಿಯುತ್ತವೆ.

ಕೃಷಿ ವಿಜ್ಞಾನದ ವಿದ್ಯಾರ್ಥಿಗೆ ಇಲ್ಲಿ ಇನ್ನೊಂದು ವಿಷಯ ಎದ್ದು ಕಾಣುತ್ತದೆ. ಹಂದಿ ಸಾಕಣೆಯ ಪಠ್ಯಗಳಲ್ಲಿ ಒಂದು ಹಳೆಯ ಉಪಾಯವಿದೆ: ಬೆದೆಗೆ ಮುನ್ನ ಹೆಣ್ಣಿಗೆ ಶಕ್ತಿಯುತವಾದ ಕಾಳಿನ ಆಹಾರವನ್ನು ಹೆಚ್ಚಿಸಿದರೆ ಬಿಡುಗಡೆಯಾಗುವ ಅಂಡಗಳು ಹೆಚ್ಚುತ್ತವೆ, ಮರಿಗಳೂ ಹೆಚ್ಚುತ್ತವೆ. ಮೆಕ್ಕೆಜೋಳಕ್ಕಿಂತ ಶಕ್ತಿಯುತವಾದ ಕಾಳು ಮತ್ತಾವುದಿದೆ? ಕಾಡಿನಲ್ಲಿ ಕಾಯಿ ಬಿಡದ ವರ್ಷ, ಬರಗಾಲದ ವರ್ಷ ಮರಿಗಳು ಸಾಯುವುದೇ ನಿಸರ್ಗದ ಕಡಿವಾಣ. ಪೀಪಾಯಿಗೆ ಬರಗಾಲವಿಲ್ಲ. ಹೀಗಾಗಿ ಮುಸ್ಸಂಜೆಯ ಗುಂಡು ತೆಗೆಯುವುದನ್ನು ಮುಸ್ಸಂಜೆಯ ಕಾಳು ತುಂಬಿಕೊಡುತ್ತದೆ. ಇದು ನಿಯಂತ್ರಣವಲ್ಲ, ಬೇಲಿಯಿಲ್ಲದ ಪಶುಸಂಗೋಪನೆ. ಕಾಳಿಗೆ ಬರುವುದು ಹಂದಿಯೊಂದೇ ಅಲ್ಲವೆಂಬುದನ್ನೂ ಮರೆಯಬಾರದು. ರಕೂನ್ ಮುಂತಾದ ಪ್ರಾಣಿಗಳೂ ನೆರೆದು ಸುತ್ತಲಿನ ನೆಲಗೂಡುಗಳ ಮೊಟ್ಟೆಗಳನ್ನು ಬರಿದುಮಾಡುತ್ತವೆ. ಒದ್ದೆಯಾದ ಕಾಳಿನಲ್ಲಿ ಬೆಳೆಯುವ ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಹಕ್ಕಿಗಳಿಗೆ ಮಾರಕ.

ಟೆಕ್ಸಾಸಿನ ರೈತನ ನಷ್ಟ ಕಟ್ಟುಕಥೆಯೆಂದು ಯಾರೂ ಭಾವಿಸಬಾರದು. ಬಿತ್ತಿದ ರಾತ್ರಿಯೇ ಹಂದಿಗಳು ಸಾಲು ಹಿಡಿದು ನಡೆದು ಬೀಜವನ್ನು ಒಂದೊಂದಾಗಿ ಕಿತ್ತು ತಿನ್ನುತ್ತವೆ. ವಿಪರ್ಯಾಸವೆಂದರೆ ಆ ರೈತನ ಬೇಲಿಯಾಚೆಯ ಮಾಲೀಕ ಅದೇ ಹಂದಿಯನ್ನು ತೋರಿಸಿ ನಗರದ ಬೇಟೆಗಾರರಿಂದ ದಿನವೊಂದಕ್ಕೆ ಇಂತಿಷ್ಟೆಂದು ಹಣ ಪಡೆಯುತ್ತಾನೆ. ಹೆಲಿಕಾಪ್ಟರ್ ಬೇಟೆಗೂ ದರಪಟ್ಟಿಗಳಿವೆ. ಹಂದಿ ಇಲ್ಲವಾದರೆ ಈ ಆದಾಯವೂ ಇಲ್ಲ. ಪೀಡೆಯೊಂದು ಸರಕಾದ ಮೇಲೆ ಅದರ ನಾಶವನ್ನು ಬಯಸುವವರಷ್ಟೇ ಅದರ ಉಳಿವನ್ನು ಬಯಸುವವರೂ ಹುಟ್ಟಿಕೊಳ್ಳುತ್ತಾರೆ.

ಟೆನೆಸಿ ರಾಜ್ಯದ ಅನುಭವ ಇದಕ್ಕೆ ಸಾಕ್ಷಿ. ಅಲ್ಲಿ 1999ರಲ್ಲಿ ರಾಜ್ಯಾದ್ಯಂತ ಮಿತಿಯಿಲ್ಲದ ಹಂದಿ ಬೇಟೆಗೆ ಅವಕಾಶ ಕೊಟ್ಟರು. ಕೆಲವೇ ಕೌಂಟಿಗಳಲ್ಲಿದ್ದ ಹಂದಿಗಳು ಹನ್ನೆರಡು ವರ್ಷಗಳೊಳಗೆ ಸುಮಾರು ಎಂಬತ್ತು ಕೌಂಟಿಗಳಲ್ಲಿ ಕಾಣಿಸಿಕೊಂಡವು. 2011ರಲ್ಲಿ ಸರ್ಕಾರ ಮೋಜಿನ ಬೇಟೆಯನ್ನೇ ನಿಲ್ಲಿಸಿತು. ಮಿಸ್ಸೌರಿ ರಾಜ್ಯ 2016ರಲ್ಲಿ ತನ್ನ ಸಂರಕ್ಷಣಾ ಇಲಾಖೆಯ ಭೂಮಿಯಲ್ಲಿ ಹಂದಿ ಬೇಟೆಯನ್ನು ನಿಷೇಧಿಸಿ, ಕಂಡವರು ಗುಂಡು ಹೊಡೆಯದೆ ಸುದ್ದಿ ಮುಟ್ಟಿಸಿರೆಂದು ಕೇಳಿಕೊಂಡಿತು. ಅಲ್ಲಿಯೂ ಮೆಕ್ಕೆಜೋಳ ಬಳಸುತ್ತಾರೆ, ಆದರೆ ವಿಧಾನ ಬೇರೆ. ದೊಡ್ಡ ದೊಡ್ಡಿಯೊಂದನ್ನು ಕಟ್ಟಿ, ಕಾಳಿಟ್ಟು, ಹಿಂಡಿನ ಕೊನೆಯ ಮರಿಯೂ ಒಳಗೆ ಬರುವಷ್ಟು ರೂಢಿಯಾಗುವವರೆಗೆ ದಿನಗಟ್ಟಲೆ ಕ್ಯಾಮೆರಾದಲ್ಲಿ ನೋಡುತ್ತಾರೆ. ಆಮೇಲೆ ಒಮ್ಮೆಗೇ ಬಾಗಿಲು ಹಾಕುತ್ತಾರೆ. ಮೋಜಿಲ್ಲದ, ತಾಳ್ಮೆಯ ಕೆಲಸ.

ನಮ್ಮ ಹಂದಿಯ ಸಂಗತಿ ಮೂಲದಲ್ಲೇ ಭಿನ್ನ. ಅದು ಈ ನೆಲದ್ದು. ಹುಲಿ, ಚಿರತೆ, ಸೀಳುನಾಯಿಗಳ ಆಹಾರ. ನಿರ್ಮೂಲನೆ ನಮ್ಮ ಗುರಿಯಾಗಲಾರದು. ಹಾಗೆಂದು ಒಂದೇ ರಾತ್ರಿಯಲ್ಲಿ ಕೊಯ್ಲಿಗೆ ಬಂದ ಗದ್ದೆಯನ್ನೋ ಬಾಳೆತೋಟವನ್ನೋ ಕಳೆದುಕೊಂಡವರಿಗೆ ನಗರದಿಂದ ಸಹನೆಯ ಉಪದೇಶ ಮಾಡುವವರ ಜೊತೆಗೂ ನಾನಿಲ್ಲ. 1972ರ ವನ್ಯಜೀವಿ ಕಾಯಿದೆಗೆ 2022ರಲ್ಲಿ ತಂದ ತಿದ್ದುಪಡಿಯಂತೆ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಬಿಹಾರದಲ್ಲಿ 2015ರಲ್ಲಿ, ಉತ್ತರಾಖಂಡದಲ್ಲಿ 2016ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿರ್ದಿಷ್ಟ ಪ್ರದೇಶಗಳಿಗೆ, ಒಂದು ವರ್ಷದ ಮಟ್ಟಿಗೆ ಉಪದ್ರವಕಾರಿ ಪ್ರಾಣಿಯೆಂದು ಘೋಷಿಸಿತ್ತು. ಕೇರಳ 2022ರಲ್ಲಿ ಬೆಳೆನಾಶ ಮಾಡುವ ಹಂದಿಗಳನ್ನು ಕೊಲ್ಲಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ನೀಡಿತು. ಕೊಂದ ಹಂದಿಯನ್ನು ಹೂಳಬೇಕೆಂದು ವಿಧಿಸಿತು. ಒಳ್ಳೆಯ ಮಾಂಸವನ್ನು ಮಣ್ಣುಪಾಲು ಮಾಡುವುದೇಕೆ ಎಂದು ಹಲವರು ಮುನಿಸಿಕೊಂಡಿದ್ದಾರೆ. ನನ್ನ ದೃಷ್ಟಿಯಲ್ಲಿ ಆ ಆದೇಶದ ಅತ್ಯಂತ ವಿವೇಕದ ಸಾಲು ಅದೇ. ಹಂದಿಯಿಂದ ಯಾರ ಜೇಬೂ ತುಂಬದಿರುವವರೆಗೆ ಅದನ್ನು ಉಣಿಸಿ ಬೆಳೆಸುವ ಆಸೆ ಯಾರಿಗೂ ಹುಟ್ಟದು.

ಹಾಗಿದ್ದೂ ನಮ್ಮಲ್ಲಿ ಪೀಪಾಯಿಗಳಿಲ್ಲವೆಂದು ಬೀಗುವಂತಿಲ್ಲ. ಹೋಂಸ್ಟೇ, ರೆಸಾರ್ಟುಗಳ ಅಡುಗೆಮನೆಯ ಉಳಿಕೆ, ಕೋಳಿ ಅಂಗಡಿಯ ತ್ಯಾಜ್ಯ ಘಟ್ಟದ ತಿರುವುಗಳಲ್ಲಿ ಪ್ರತಿ ಸಂಜೆ ಸುರಿಯಲ್ಪಡುತ್ತದೆ, ಗಡಿಯಾರವೊಂದಿಲ್ಲ, ಅಷ್ಟೇ. ಬೇಸಾಯ ಬಿಟ್ಟ ಗದ್ದೆಗಳಲ್ಲಿ ಬೆಳೆದ ಲಂಟಾನ ಹಗಲಿನ ಆಸರೆ ಒದಗಿಸುತ್ತದೆ. ಉಣಿಸಿ ಕೊಲ್ಲುವ ವಿದ್ಯೆಯೂ ನಮಗೆ ಹೊಸದಲ್ಲ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗರ್ಭಿಣಿ ಆನೆಯೊಂದು ಬಾಯಿ ಸಿಡಿದು ನೀರಿನಲ್ಲಿ ನಿಂತೇ ಪ್ರಾಣಬಿಟ್ಟಿತು. ಅದು ಕಚ್ಚಿದ್ದು ಹಂದಿಗಾಗಿ ಹಣ್ಣಿನಲ್ಲಿ ಅಡಗಿಸಿಟ್ಟ ಸಿಡಿಮದ್ದನ್ನು ಎನ್ನಲಾಗಿದೆ.

ಹಂದಿ ಹೊಡೆಯುವ ಅನುಮತಿಗೆ ಮನವಿ ಬರೆಯುವ ಗ್ರಾಮಸಭೆಗಳು ಅದರಲ್ಲಿ ಮೂರು ಷರತ್ತುಗಳನ್ನು ತಾವಾಗಿಯೇ ಸೇರಿಸಲಿ: ಆಹಾರವಿಟ್ಟು ಹೊಡೆಯುವಂತಿಲ್ಲ, ಶುಲ್ಕ ಪಡೆದು ಹೊರಗಿನವರನ್ನು ಕರೆಸುವಂತಿಲ್ಲ, ಕೊಂದ ಪ್ರತಿ ಹಂದಿಯ ಲಿಂಗ ಮತ್ತು ವಯಸ್ಸನ್ನು ದಾಖಲಿಸಬೇಕು. ಅದರ ಜೊತೆಗೆ ಊರಿನ ಎಲ್ಲೆಯೊಳಗೆ ಎಂಜಲು ಸುರಿಯುವ ಜಾಗಗಳೆಷ್ಟು, ಸುರಿಯುವವರು ಯಾರು ಎಂಬ ಪಟ್ಟಿಯೂ ಇರಲಿ. ಭತ್ತ ಹಾಲುಗಟ್ಟುವ ಮೊದಲೇ ಆ ಪಟ್ಟಿ ಪಂಚಾಯಿತಿಯನ್ನು ತಲುಪಬೇಕು.