ಕುರಿ ಮಾರಿದ್ದಕ್ಕೆ ರಸೀದಿ ಎಲ್ಲಿಂದ ತರೋಣ?

ನಮ್ಮ ತಾಲ್ಲೂಕಿನ ಒಂದು ರೈತ ಉತ್ಪಾದಕ ಕಂಪನಿಯ ಕಚೇರಿಗೆ ಹೋಗಿದ್ದೆ. ಕಚೇರಿ ಎಂದರೆ ಗೊಬ್ಬರದ ಅಂಗಡಿಯ ಹಿಂದಿನ ಒಂದು ಕೋಣೆ. ಅಲ್ಲಿ ಲೆಕ್ಕ ಬರೆಯುವ ಹುಡುಗ ಷೇರುದಾರರ ಪುಸ್ತಕ ಹರವಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದ. ಆರುನೂರು ಸದಸ್ಯರು, ತಲಾ ಸಾವಿರ ರೂಪಾಯಿ ಷೇರು. ಪ್ರತಿಯೊಬ್ಬರ ಪ್ಯಾನ್, ಬ್ಯಾಂಕ್ ವಿವರ ಮತ್ತು 'ಹಣದ ಮೂಲ' ಬರೆದು ಕೊಡಿ ಎಂದು ಆಡಿಟರ್ ಹೇಳಿದ್ದರಂತೆ. 'ಈ ಅಜ್ಜಿ ಕುರಿ ಮಾರಿ ದುಡ್ಡು ಕೊಟ್ಟೋರೆ. ಕುರಿ ಮಾರಿದ್ದಕ್ಕೆ ರಸೀದಿ ಎಲ್ಲಿಂದ ತರ್ಲಿ ಅಣ್ಣ?' ಎಂದ.

ಆಡಿಟರ್ ಸುಮ್ಮನೆ ಹೆದರಿಸುತ್ತಿರಲಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 68ನೇ ಸೆಕ್ಷನ್ ಹೇಳುವುದು ಇಷ್ಟು: ನಿಮ್ಮ ಲೆಕ್ಕದ ಪುಸ್ತಕದಲ್ಲಿ ಜಮೆಯಾದ ಹಣ ಎಲ್ಲಿಂದ ಬಂತು ಎಂದು ನೀವು ಒಪ್ಪುವಂತೆ ವಿವರಿಸದಿದ್ದರೆ, ಅಧಿಕಾರಿ ಅದನ್ನು ನಿಮ್ಮದೇ ಆದಾಯ ಎಂದು ಎಣಿಸಬಹುದು. ಹೊಸ 2025ರ ಕಾಯ್ದೆಯಲ್ಲೂ ಈ ನಿಯಮ ಉಳಿದಿದೆ. ಮೂರು ವಿಷಯ ತೋರಿಸಬೇಕು. ಹಣ ಕೊಟ್ಟವರು ಯಾರು, ಅಷ್ಟು ಕೊಡುವ ಶಕ್ತಿ ಅವರಿಗಿತ್ತೇ, ವ್ಯವಹಾರ ನಿಜವಾದದ್ದೇ.

ಈ ನಿಯಮವೇ ತಪ್ಪು ಎಂದು ನಾನು ಹೇಳುವುದಿಲ್ಲ. ಕಪ್ಪುಹಣವನ್ನು ಬಿಳಿ ಮಾಡಲು ಷೇರಿನಷ್ಟು ಸಲೀಸಾದ ದಾರಿ ಮತ್ತೊಂದಿರಲಿಲ್ಲ. ನಗದು ಕೊಟ್ಟರೆ ಅದು ನಾಲ್ಕಾರು ಹೆಸರಿಗಷ್ಟೇ ಇರುವ ಕಂಪನಿಗಳ ಖಾತೆ ಸುತ್ತಿ, ಕೊನೆಗೆ ಷೇರು ಬಂಡವಾಳದ ಚೆಕ್ ಆಗಿ ನಿಮ್ಮ ಕಂಪನಿಗೇ ವಾಪಸ್ ಬರುತ್ತದೆ. ಕಾಗದ ಪತ್ರ ಎಲ್ಲಾ ಸರಿಯಾಗಿರುತ್ತದೆ. 2008ರ ಲವ್ಲಿ ಎಕ್ಸ್‌ಪೋರ್ಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಷೇರುದಾರರ ಹೆಸರು ಕೊಟ್ಟಿದ್ದರೆ ಇಲಾಖೆ ಅವರನ್ನೇ ಹಿಡಿಯಲಿ, ಕಂಪನಿಯ ಆದಾಯ ಎನ್ನುವಂತಿಲ್ಲ ಎಂದಿತು. ಹೆಸರಿನ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುವವರಿಗೆ ಇದು ಒಳ್ಳೆಯ ಕಿಟಕಿಯಾಯಿತು.

ಆ ಕಿಟಕಿ ಮುಚ್ಚಿದ್ದು ಎರಡು ಸಲ. 2012ರ ಹಣಕಾಸು ಕಾಯ್ದೆ, ಸಾರ್ವಜನಿಕರ ಪಾಲು ಹೆಚ್ಚಿಲ್ಲದ ಕಂಪನಿಗಳಿಗೆ ಇನ್ನೊಂದು ಷರತ್ತು ಹಾಕಿತು. ಕಂಪನಿ ಹೇಳಿದರೆ ಸಾಲದು, ಷೇರಿಗೆ ಹಣ ಹಾಕಿದವರೂ ತಮಗೆ ಆ ಹಣ ಎಲ್ಲಿಂದ ಬಂತು ಎಂದು ಹೇಳಬೇಕು. ಮೂಲದ ಮೂಲ, ಅಷ್ಟೆ. ಆಮೇಲೆ 2019ರ ಮಾರ್ಚ್‌ನಲ್ಲಿ ಎನ್‌ಆರ್‌ಎ ಐರನ್ ಅಂಡ್ ಸ್ಟೀಲ್ ತೀರ್ಪು ಬಂತು. ಹತ್ತು ರೂಪಾಯಿ ಮುಖಬೆಲೆಯ ಷೇರಿಗೆ 190 ರೂಪಾಯಿ ಪ್ರೀಮಿಯಂ ಕೊಟ್ಟು ಮುಂಬೈ, ಕೋಲ್ಕತ್ತಾ, ಗುವಾಹಟಿಯ ಕಂಪನಿಗಳು 17.60 ಕೋಟಿ ಹಾಕಿದ್ದವು. ಪ್ಯಾನ್ ಇತ್ತು, ರಿಟರ್ನ್ ಇತ್ತು, ಹಣ ಬ್ಯಾಂಕಿನ ಮೂಲಕವೇ ಬಂದಿತ್ತು. ಕೆಳಗಿನ ಹಂತದ ಮೇಲ್ಮನವಿಗಳಲ್ಲಿ ಕಂಪನಿಯೇ ಗೆದ್ದಿತ್ತು. ಆದರೆ ಇಲಾಖೆ ವಿಳಾಸ ಹುಡುಕಿಕೊಂಡು ಹೋದಾಗ ಕೆಲವು ಕಂಪನಿಗಳು ಅಲ್ಲಿರಲೇ ಇಲ್ಲ. ಸಮನ್ಸ್‌ಗೆ ಖುದ್ದು ಬಂದವರಿಲ್ಲ. ಕೆಲವರ ಆದಾಯ ತೀರಾ ಅಲ್ಪ, ಹೂಡಿಕೆ ಮಾತ್ರ ಲಕ್ಷ, ಕೋಟಿಗಳಲ್ಲಿ. ಕೋರ್ಟು ಇಲಾಖೆಯ ಪರ ನಿಂತಿತು.

ತೀರ್ಪು ನನಗೆ ಸರಿಯೆನಿಸಿತು. ಅದರಲ್ಲಿ ಅಧಿಕಾರಿಯ ಹೊಣೆಯ ಮಾತೂ ಇದೆ: ಹಣ ಕೊಟ್ಟವರ ಗುರುತು, ಶಕ್ತಿ, ವ್ಯವಹಾರದ ನೈಜತೆಯನ್ನು ಅಧಿಕಾರಿ ವಿಚಾರಿಸಿ ನೋಡಲೇಬೇಕು. ಇಲಾಖೆ ಅಲ್ಲಿ ಗೆದ್ದದ್ದು ಕಾಗದ ಕೇಳಿದ್ದರಿಂದಲ್ಲ. ಕಾಗದ ಕಂಪನಿಯ ಹತ್ತಿರ ಬೇಕಾದಷ್ಟಿತ್ತು. ಗೆದ್ದದ್ದು ಬಾಗಿಲು ತಟ್ಟಿ ನೋಡಿದ್ದರಿಂದ.

ಈಗ ಗೊಬ್ಬರದ ಅಂಗಡಿಯ ಹಿಂದಿನ ಕೋಣೆಗೆ ಬನ್ನಿ. ಕೋಲ್ಕತ್ತಾದ ಪೊಳ್ಳು ಕಂಪನಿಗೆ ಮನುಷ್ಯರಿಲ್ಲ, ಕಾಗದವಿದೆ. ಇಲ್ಲಿ ಮನುಷ್ಯರು ಇದ್ದಾರೆ, ಕಾಗದವಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಹಾಲು, ಕುರಿಯ ಆದಾಯ ಆ ಲೆಕ್ಕಕ್ಕೆ ಬರದಿದ್ದರೂ ತೆರಿಗೆ ಕಟ್ಟುವ ಮಿತಿಯನ್ನೇ ಮುಟ್ಟುವುದಿಲ್ಲ. ಆದ್ದರಿಂದ ಇವರು ರಿಟರ್ನ್ ಹಾಕಿದವರಲ್ಲ. ಎಷ್ಟೋ ಜನರ ಬಳಿ ಪ್ಯಾನ್ ಇಲ್ಲ. ಸಾವಿರ ರೂಪಾಯಿ ಕೊಟ್ಟದ್ದು ಎರಡು ಐನೂರರ ನೋಟಿನಲ್ಲಿ, ಊರ ದೇವಸ್ಥಾನದ ಜಗಲಿಯ ಮೇಲೆ ನಡೆದ ಸಭೆಯಲ್ಲಿ.

ಕಾನೂನಿನಲ್ಲಿ ರೈತ ಉತ್ಪಾದಕ ಕಂಪನಿಯೂ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯೇ. 2012ರ ಷರತ್ತು ಅಕ್ಷರಶಃ ಇವರಿಗೂ ತಗಲುತ್ತದೆ. ವಿನಾಯಿತಿ ಕೊಟ್ಟದ್ದು ನೋಂದಾಯಿತ ವೆಂಚರ್ ಕ್ಯಾಪಿಟಲ್ ಸಂಸ್ಥೆಗಳ ಹೂಡಿಕೆಗೆ. ಅದೇ ಅಜ್ಜಿ ಅದೇ ಸಾವಿರವನ್ನು ಪಕ್ಕದ ಬೀದಿಯ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಷೇರಿಗೆ ಹಾಕಿದ್ದರೆ ಮೂಲದ ಮೂಲ ಹೇಳುವ ಈ ಷರತ್ತು ಇರುತ್ತಿರಲಿಲ್ಲ, ಸಂಘ ಕಂಪನಿಯಲ್ಲವಲ್ಲ! ಕಂಪನಿ ಕಟ್ಟಿಕೊಳ್ಳಿ ಎಂದು ರೈತರಿಗೆ ಹೇಳಿದ್ದೂ ಸರ್ಕಾರವೇ. 2020ರಲ್ಲಿ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳ ಯೋಜನೆ ತಂದು, ಸದಸ್ಯರು ಹಾಕಿದ ಷೇರಿಗೆ ತಲಾ 2,000 ರೂಪಾಯಿವರೆಗೆ ಸರಿಸಮ ಅನುದಾನ ಕೊಡುತ್ತೇವೆ ಎಂದಿತು.

ಪೆಟ್ಟು ಎಷ್ಟು ಎಂಬುದನ್ನೂ ನೋಡಿ. 2016ರ ನೋಟು ರದ್ದತಿಯ ಬೆನ್ನಿಗೆ ಇಂಥ ವಿವರಣೆಯಿಲ್ಲದ ಹಣದ ಮೇಲಿನ ತೆರಿಗೆಯನ್ನು ಶೇ 60ಕ್ಕೆ ಏರಿಸಿದರು. ಸರ್ಚಾರ್ಜ್, ಸೆಸ್ ಸೇರಿದರೆ ಶೇ 78 ಆಗುತ್ತಿತ್ತು. ಆ ದರದಲ್ಲಿ ಆರು ಲಕ್ಷ ಷೇರು ಹಣಕ್ಕೆ 4 ಲಕ್ಷ 68 ಸಾವಿರ ಹೋಗುತ್ತಿತ್ತು. ದಂಡ ಬೇರೆ. ಕಂಪನಿ ನಷ್ಟದಲ್ಲಿದ್ದರೂ ಆ ನಷ್ಟವನ್ನು ಇದರ ಎದುರು ಕಳೆಯುವಂತಿಲ್ಲ. ಬೀಜ ತರಲು ಇಟ್ಟ ಬಂಡವಾಳ ಅಲ್ಲಿಗೆ ಮುಗಿಯಿತು.

ಸ್ಟಾರ್ಟಪ್‌ಗಳಿಗೂ 2012ರಲ್ಲೇ ಇಂಥದೊಂದು ಕಾಟ ಶುರುವಾಗಿತ್ತು. ಷೇರು ಪ್ರೀಮಿಯಂ ಮೇಲಿನ 'ಏಂಜೆಲ್ ಟ್ಯಾಕ್ಸ್'. ಬೆಂಗಳೂರಿನವರು ಗಲಾಟೆ ಮಾಡಿದರು, ಪತ್ರಿಕೆಗಳು ಬರೆದವು. 2019ರಲ್ಲಿ ಮಾನ್ಯತೆ ಪಡೆದ ಸ್ಟಾರ್ಟಪ್‌ಗಳಿಗೆ ರಿಯಾಯಿತಿ ಸಿಕ್ಕಿತು, 2024ರ ಬಜೆಟ್‌ನಲ್ಲಿ ಆ ತೆರಿಗೆಯೇ ಹೋಯಿತು. ಒಳ್ಳೆಯದೇ ಆಯಿತು. ರೈತರ ಕಂಪನಿಗಳ ಪರವಾಗಿ ಅಂಥ ಗಲಾಟೆ ಮಾಡುವವರು ಯಾರು? ನಾವು ಗ್ರಾಮೀಣ ವರದಿಗಾರರು ಎಂದು ಹೇಳಿಕೊಳ್ಳುವವರೂ ಉದ್ಘಾಟನೆಯ ಫೋಟೊ ಹಾಕಿ ಸುಮ್ಮನಾಗಿದ್ದೇವೆ.

ಹಾಗೆಂದು ಪೂರ್ತಿ ವಿನಾಯಿತಿ ಕೇಳುವುದು ಸರಿಯಲ್ಲ. ಮಂಡಿಯ ಒಬ್ಬ ದಲ್ಲಾಳಿ ತನ್ನದೇ ದುಡ್ಡನ್ನು ಆರುನೂರು ರೈತರ ಹೆಸರಿನಲ್ಲಿ ಹಾಕಿ ಕಂಪನಿ ಹಿಡಿಯುವುದು ಅಸಾಧ್ಯವೇನಲ್ಲ. ಅನುಮಾನ ಬಂದರೆ ಅಧಿಕಾರಿ ಊರಿಗೆ ಬರಲಿ, ಹತ್ತು ಮನೆ ಕೇಳಲಿ, ಅರ್ಧ ದಿನದ ಕೆಲಸ. 1995ರಲ್ಲಿ ಬೆಂಗಳೂರಿನ ಒಂದು ಕುದುರೆ ರೇಸ್ ಗೆಲುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾಗದದಾಚೆಗೆ ಮನುಷ್ಯರು ಸಹಜವಾಗಿ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಅಳತೆಗೋಲು ಮಾಡಿಕೊಂಡಿತ್ತು. ಆ ಅಳತೆ ತೆರಿಗೆದಾರರ ವಿರುದ್ಧವೇ ಬಳಕೆಯಾಗಬೇಕೆಂದೇನಿಲ್ಲ. ಎರಡು ಎಕರೆ ಪಹಣಿ, ಡೇರಿ ಪಾಸ್‌ಬುಕ್ ಇರುವ ಹೆಂಗಸಿಗೆ ಸಾವಿರ ರೂಪಾಯಿ ಕೊಡುವ ಶಕ್ತಿ ಇದೆಯೇ ಎಂದು ಕೇಳಲು ಸಮನ್ಸ್ ಬೇಕೆ? ಇಂತಿಷ್ಟು ಮೊತ್ತದೊಳಗಿನ ರೈತ ಷೇರಿಗೆ ಸದಸ್ಯತ್ವದ ಅರ್ಜಿ, ಪಹಣಿ, ಒಂದು ಸ್ವಯಂ ಘೋಷಣೆ ಸಾಕು ಎಂದು ನೇರ ತೆರಿಗೆಗಳ ಮಂಡಳಿ ಒಂದು ಸುತ್ತೋಲೆ ಹೊರಡಿಸಬಹುದು.

ಅದು ಬರುವ ತನಕ ಕಂಪನಿಗಳು ಸುಮ್ಮನೆ ಕೂರಬಾರದು. ಷೇರು ಹಣ ಆದಷ್ಟು ಬ್ಯಾಂಕಿನಲ್ಲೇ ತೆಗೆದುಕೊಳ್ಳಿ. ನಗದಾದರೆ ಅದೇ ದಿನದ ತಾರೀಖಿನ ರಸೀದಿ, ಸರ್ವೆ ನಂಬರು, ಸಹಿ ಅಥವಾ ಹೆಬ್ಬೆಟ್ಟು. ಐದು ವರ್ಷ ಬಿಟ್ಟು ಕೇಳಿದಾಗ ಅಜ್ಜಿಗೆ ಯಾವ ಕುರಿ ಎಂದು ನೆನಪಿರುವುದಿಲ್ಲ, ಅಜ್ಜಿಯೇ ಇಲ್ಲದಿರಬಹುದು.

ಹುಡುಗ ಕೊನೆಗೆ ಪುಸ್ತಕದಲ್ಲಿ ಹೊಸದೊಂದು ಕಲಂ ಗೆರೆ ಎಳೆದ. ಮೇಲೆ 'ದುಡ್ಡು ಬಂದ ದಾರಿ' ಎಂದು ಬರೆದ. ಮೊದಲ ಸಾಲಿಗೆ 'ಕುರಿ' ಎಂದು ತುಂಬಿದ. ಕತ್ತಲಾಗುವ ಹೊತ್ತಿಗೆ ನಲವತ್ತೆರಡನೇ ಹೆಸರಿಗೆ ಬಂದಿದ್ದ. ರಾಗಿ, ಹಾಲು, ಹುಣಸೆಹಣ್ಣು, ಸ್ತ್ರೀಶಕ್ತಿ ಸಂಘದ ಸಾಲ. ಉಳಿದವರ ಮನೆಗೆ ಭಾನುವಾರ ಸೈಕಲ್ಲಿನಲ್ಲಿ ಹೋಗಿ ಕೇಳಿಕೊಂಡು ಬರುತ್ತೇನೆ ಎಂದ.