ಯೇಸುವಿನ ಯಾತನೆಯ ನಾಟಕದಲ್ಲಿ ಅಪರಾಧಿ ಯಾರು?

ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಂಡು ಮನೆಗೆ ಮರಳಿದ ಕೆಲವೇ ದಿನಗಳಲ್ಲಿ ನಮ್ಮ ಇಗರ್ಜಿಗಳ ಸಭಾಭವನಗಳಲ್ಲಿ ಸಂಜೆಯ ಹೊತ್ತು ಯುವಜನರ ಸದ್ದು ಕೇಳಿಸತೊಡಗುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ವಲಯಗಳ ಧರ್ಮಕೇಂದ್ರಗಳಲ್ಲಿ ಪವಿತ್ರ ವಾರಕ್ಕಾಗಿ ಜೀವಂತ ಶಿಲುಬೆಯ ಹಾದಿಯನ್ನೋ, ಯೇಸುಸ್ವಾಮಿಯ ಯಾತನೆ ಮತ್ತು ಮರಣದ ನಾಟಕವನ್ನೋ ಸಿದ್ಧಪಡಿಸುವುದು ಹೊಸ ಸಂಗತಿಯೇನಲ್ಲ. ರಟ್ಟಿನ ಗುರಾಣಿ, ಬಣ್ಣ ಬಳಿದ ಶಿರಸ್ತ್ರಾಣ, ಅಮ್ಮಂದಿರ ಹಳೆಯ ಸೀರೆಗಳಿಂದ ಹೊಲಿದ ನಿಲುವಂಗಿ, ಊರ ಬಡಗಿ ಕೂಡಿಸಿಕೊಟ್ಟ ಶಿಲುಬೆ ಇಷ್ಟೇ ಅದರ ಬಂಡವಾಳ. ಆದರೂ ಯೇಸು ಮೂರನೆಯ ಬಾರಿ ಬಿದ್ದಾಗ ನೆರೆದವರ ಕಣ್ಣು ತೇವವಾಗದೆ ಇರುವುದಿಲ್ಲ. ಧರ್ಮೋಪದೇಶದ ಹತ್ತು ತರಗತಿಗಳು ಮಾಡದ ಕೆಲಸವನ್ನು ಇಂಥ ಒಂದು ಪ್ರದರ್ಶನ ಮಾಡಬಲ್ಲುದು ಎಂಬುದರಲ್ಲಿ ನಮಗೆ ಸಂದೇಹವಿಲ್ಲ.

ನಾಟಕಕ್ಕೆ ಇಷ್ಟು ಶಕ್ತಿಯಿರುವುದರಿಂದಲೇ ಅದರ ಬಗ್ಗೆ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ. ಪ್ರದರ್ಶನ ಮುಗಿಸಿ ಮನೆಗೆ ಮರಳುವ ದಾರಿಯಲ್ಲಿ ಎಂಟು ವರ್ಷದ ಮಗು, "ಪಪ್ಪಾ, ಯೇಸುವನ್ನು ಕೊಂದವರು ಯೆಹೂದ್ಯರಲ್ಲವೇ? ಅವರು ಅಷ್ಟು ಕೆಟ್ಟವರೇ?" ಎಂದು ಕೇಳಿದರೆ ನಾವು ಏನೆಂದು ಉತ್ತರಿಸುತ್ತೇವೆ? ಹೌದೆಂದು ತಲೆಯಾಡಿಸಿ ಸುಮ್ಮನಾಗುವವರು ನಮ್ಮಲ್ಲಿ ಕಡಿಮೆಯಿಲ್ಲ. ನಮ್ಮ ಊರುಗಳಲ್ಲಿ ಯೆಹೂದ್ಯರೇ ಇಲ್ಲ, ಇಲ್ಲದವರಿಗೆ ನೋವಾಗುವುದೆಂತು ಎಂದು ವಾದಿಸುವವರೂ ಇದ್ದಾರೆ. ಈ ಉತ್ತರ ಎಷ್ಟು ಅಪಾಯಕಾರಿಯೆಂಬುದನ್ನು ತಿಳಿಯಬೇಕಾದರೆ ಯುರೋಪಿನ ಚರಿತ್ರೆಯ ಕಡೆಗೆ ಕಣ್ಣು ಹಾಯಿಸಬೇಕು.

ಮಧ್ಯಯುಗದ ಯುರೋಪಿನಲ್ಲಿ ಪವಿತ್ರ ವಾರವು ಯೆಹೂದ್ಯರ ಪಾಲಿಗೆ ಭಯದ ವಾರವಾಗಿತ್ತು. ಯಾತನೆಯ ನಾಟಕವನ್ನು ನೋಡಿ ಕೆರಳಿದ ಜನರು ನೇರವಾಗಿ ಯೆಹೂದ್ಯರ ಕೇರಿಗಳಿಗೆ ನುಗ್ಗಿದ ಉದಾಹರಣೆಗಳಿವೆ. 1338ರಲ್ಲಿ ಜರ್ಮನಿಯ ಫ್ರೈಬುರ್ಗ್ ನಗರಾಡಳಿತವು ಯೆಹೂದ್ಯರನ್ನು ನಿಂದಿಸುವ ದೃಶ್ಯಗಳನ್ನು ನಿಷೇಧಿಸಬೇಕಾಯಿತು. ಸ್ವತಃ ರೋಮ್ ನಗರದಲ್ಲಿ, ಕೊಲೊಸಿಯಮ್‌ನಲ್ಲಿ ನಡೆಯುತ್ತಿದ್ದ ನಾಟಕದ ಬಳಿಕ ಯೆಹೂದ್ಯರ ಮೇಲೆ ಹಲ್ಲೆಗಳಾಗುತ್ತಿದ್ದ ಕಾರಣ 1539ರಲ್ಲಿ ಅದನ್ನು ನಿಲ್ಲಿಸಲಾಯಿತು. ಭಕ್ತಿಯಿಂದ ಕಣ್ಣೀರಿಟ್ಟ ಜನರೇ ಒಂದು ತಾಸಿನ ಬಳಿಕ ಕಲ್ಲನ್ನೆತ್ತಿಕೊಂಡರು ಎಂಬುದು ನಾವು ಮರೆಯಬಾರದ ಸತ್ಯ.

ಜರ್ಮನಿಯ ಬವೇರಿಯಾ ಪ್ರಾಂತ್ಯದ ಓಬರಾಮ್ಮರ್ಗೌ ಗ್ರಾಮದ ಹೆಸರನ್ನು ನಮ್ಮ ಓದುಗರಲ್ಲಿ ಹಲವರು ಕೇಳಿರಬಹುದು. 1633ರಲ್ಲಿ ಪ್ಲೇಗಿನಿಂದ ಕಂಗೆಟ್ಟ ಗ್ರಾಮಸ್ಥರು ಹೊತ್ತ ಹರಕೆಯ ಪ್ರಕಾರ 1634ರಲ್ಲಿ ಅಲ್ಲಿ ಯೇಸುವಿನ ಯಾತನೆಯ ನಾಟಕ ಆರಂಭವಾಯಿತು. ಇಂದಿಗೂ ಹತ್ತು ವರ್ಷಗಳಿಗೊಮ್ಮೆ ನಡೆಯುತ್ತದೆ. ಹರಕೆಯಾಟದ ಸಂಪ್ರದಾಯವಿರುವ ನಮ್ಮ ತುಳುನಾಡಿನವರಿಗೆ ಇದು ಸುಲಭವಾಗಿ ಅರ್ಥವಾಗುವ ವಿಚಾರ. ಆದರೆ ಈ ಹರಕೆಯ ನಾಟಕದ 300ನೇ ವರ್ಷದ ವಿಶೇಷ ಪ್ರದರ್ಶನಕ್ಕೆ 1934ರಲ್ಲಿ ಬಂದ ಪ್ರೇಕ್ಷಕರಲ್ಲಿ ಅಡಾಲ್ಫ್ ಹಿಟ್ಲರನೂ ಒಬ್ಬನಾಗಿದ್ದ. ಯೆಹೂದ್ಯರ ಅಪಾಯವನ್ನು ಇಷ್ಟು ಚೆನ್ನಾಗಿ ತೋರಿಸುವ ನಾಟಕವು ಮುಂದುವರಿಯಲೇಬೇಕು ಎಂಬ ಅಭಿಪ್ರಾಯವನ್ನು ಆತ 1942ರಲ್ಲಿ ತನ್ನ ಆಪ್ತರ ಮುಂದೆ ವ್ಯಕ್ತಪಡಿಸಿದ್ದ. ಅದೇ ವರ್ಷ ಮರಣ ಶಿಬಿರಗಳಲ್ಲಿ ಯೆಹೂದ್ಯರ ಹತ್ಯೆ ಪೂರ್ಣ ಪ್ರಮಾಣದಲ್ಲಿ ನಡೆಯುತ್ತಿತ್ತು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 60 ಲಕ್ಷ ಯೆಹೂದ್ಯರು ಬಲಿಯಾಗಿದ್ದರು. ನಾಜಿಗಳ ಜನಾಂಗ ದ್ವೇಷದ ಸಿದ್ಧಾಂತವು ಧರ್ಮಸಭೆಯ ಬೋಧನೆಯಲ್ಲ, ನಿಜ. ಆದರೆ ಆ ವಿಷದ ಬೀಜಕ್ಕೆ ನೆಲವನ್ನು ಹದಗೊಳಿಸಿದ್ದರಲ್ಲಿ ಕ್ರೈಸ್ತರ ಶತಮಾನಗಳ ತಪ್ಪು ಉಪದೇಶಕ್ಕೂ ಪಾಲಿದೆ.

ಪವಿತ್ರ ಧರ್ಮಸಭೆಯು ಈ ಸತ್ಯವನ್ನು ಎದುರಿಸಿತು. ಪೋಪ್ ಇಪ್ಪತ್ತಮೂರನೇ ಜಾನ್‌ರವರು 1959ರಲ್ಲಿ ಶುಭ ಶುಕ್ರವಾರದ ಪ್ರಾರ್ಥನೆಯಿಂದ ಯೆಹೂದ್ಯರನ್ನು ವಿಶ್ವಾಸದ್ರೋಹಿಗಳೆಂದು ಸೂಚಿಸುವಂತಿದ್ದ ಪದವನ್ನು ತೆಗೆಸಿದರು. ಮರುವರ್ಷ ಫ್ರಾನ್ಸಿನ ಯೆಹೂದ್ಯ ಇತಿಹಾಸಕಾರ ಜೂಲ್ಸ್ ಇಸಾಕ್‌ರವರು, ನಾಜಿಗಳ ಕೈಯಲ್ಲಿ ಮಡದಿ ಮತ್ತು ಮಗಳನ್ನು ಕಳೆದುಕೊಂಡವರು, ಪೋಪರನ್ನು ಕಂಡು ತಮ್ಮ ಮನವಿಯನ್ನು ಒಪ್ಪಿಸಿದರು. ಇದರ ಫಲವಾಗಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ವಿಷಯವನ್ನು ಕೈಗೆತ್ತಿಕೊಂಡು, 1965ರ ಅಕ್ಟೋಬರ್ 28ರಂದು 'ನೋಸ್ತ್ರಾ ಏತಾತೆ' ಎಂಬ ಘೋಷಣೆಯನ್ನು ಅಂಗೀಕರಿಸಿತು. ಪರವಾಗಿ 2,221 ಮತಗಳು, ವಿರುದ್ಧವಾಗಿ ಕೇವಲ 88. ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ, ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಲಾಗದು. ಅವರನ್ನು ದೇವರು ತೊರೆದವರೆಂದೋ ಶಪಿತರೆಂದೋ ಬೋಧಿಸಬಾರದು ಎಂಬುದು ಅದರ ಸಾರ. ಈ ಘೋಷಣೆಗೆ 2025ರಲ್ಲಿ 60 ವರ್ಷಗಳು ತುಂಬಿದವು. ಪೋಪ್ ದ್ವಿತೀಯ ಜಾನ್ ಪಾವ್ಲ್‌ರವರು 1986ರಲ್ಲಿ ರೋಮಿನ ಯೆಹೂದ್ಯ ಪ್ರಾರ್ಥನಾ ಮಂದಿರಕ್ಕೆ ಭೇಟಿಯಿತ್ತು ಅವರನ್ನು ಹಿರಿಯ ಸಹೋದರರೆಂದು ಕರೆದದ್ದೂ, 1988ರಲ್ಲಿ ಅಮೆರಿಕದ ಬಿಷಪರ ಸಮಿತಿಯು ಯಾತನೆಯ ನಾಟಕಗಳಿಗೆಂದೇ ಮಾರ್ಗಸೂಚಿಯನ್ನು ಪ್ರಕಟಿಸಿದ್ದೂ ಇದೇ ಹಾದಿಯ ಮುಂದಿನ ಹೆಜ್ಜೆಗಳು.

"ನಾವು ಶುಭಸಂದೇಶದಲ್ಲಿ ಇರುವುದನ್ನೇ ಆಡಿ ತೋರಿಸುತ್ತೇವೆ, ಅದರಲ್ಲೇನು ತಪ್ಪು?" ಎಂದು ಕೆಲವರು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆಯೇ. ಆದರೆ ನಾಟಕ ಬರೆಯುವವನು ನಾಲ್ಕು ಶುಭಸಂದೇಶಗಳಿಂದ ಆಯ್ದುಕೊಂಡು ಒಂದು ಕಥೆಯನ್ನು ಕಟ್ಟುತ್ತಾನೆ. ಆಯ್ಕೆ ಅವನದು, ಆದುದರಿಂದ ಹೊಣೆಯೂ ಅವನದು. ನೆರೆದ ಜನರು ರಕ್ತದ ಹೊಣೆಯನ್ನು ತಮ್ಮ ಮತ್ತು ತಮ್ಮ ಮಕ್ಕಳ ಮೇಲೆ ಹಾಕಿಕೊಂಡ ಮಾತು ಮತ್ತಾಯರಲ್ಲಿ ಮಾತ್ರ ಇದೆ. ಅದನ್ನು ಬಿಡದೆ ಎತ್ತಿಕೊಳ್ಳುವ ನಾವು, ಶಿಲುಬೆ ಹೊತ್ತ ಯೇಸುವಿನ ಹಿಂದೆ ದೊಡ್ಡ ಜನಸಮೂಹ ನಡೆದುದನ್ನೂ, ಹೆಂಗಸರು ಗೋಳಾಡಿದುದನ್ನೂ, ಕೊನೆಗೆ ಜನರು ಎದೆ ಬಡಿದುಕೊಂಡು ಮರಳಿದುದನ್ನೂ ಹೇಳುವ ಲೂಕರನ್ನು ಎಷ್ಟು ಬಾರಿ ನೆನೆಯುತ್ತೇವೆ? ಸಂತ ಯೊವಾನ್ನರು ಯೆಹೂದ್ಯರು ಎಂದು ಬರೆದ ಹಲವು ಕಡೆಗಳಲ್ಲಿ ಅದರ ಅರ್ಥ ಜೆರುಸಲೇಮಿನ ಅಧಿಕಾರಸ್ಥರು ಎಂದು. ಇಡೀ ಜನಾಂಗವೆಂದು ಅಲ್ಲ. ಅದನ್ನು ಬರೆದವರೂ ಯೆಹೂದ್ಯರೇ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಶಿಲುಬೆಗೇರಿಸುವುದು ರೋಮನ್ನರ ಶಿಕ್ಷೆ. ಆ ಆಜ್ಞೆಯನ್ನು ನೀಡುವ ಅಧಿಕಾರವಿದ್ದವನು ಪಿಲಾತ. ನಮ್ಮ ನಾಟಕಗಳಲ್ಲಿ ಆತ ಒಳ್ಳೆಯ ಮನಸ್ಸಿನ, ಅಸಹಾಯಕ ಅಧಿಕಾರಿಯಂತೆ ಕಾಣಿಸಿಕೊಂಡು ಕೈ ತೊಳೆಯುತ್ತಾನೆ. ಅಂದಿನ ಬರಹಗಾರರು ನೀಡುವ ಚಿತ್ರ ಬೇರೆಯೇ ಆಗಿದೆ. ಆತ ಕ್ರೂರಿ, ಜನರನ್ನು ಕೊಲ್ಲಿಸಲು ಹಿಂಜರಿಯದವನು, ಕೊನೆಗೆ ಅಂಥದೇ ಒಂದು ಹತ್ಯಾಕಾಂಡದ ಬಳಿಕ ರೋಮಿಗೆ ಮರಳಿ ಕರೆಸಲ್ಪಟ್ಟವನು. ಇತ್ತ ಯೇಸು, ಮಾತೆ ಮರಿಯಮ್ಮ, ಹನ್ನೆರಡು ಪ್ರೇಷಿತರು, ಮಗ್ದಲದ ಮರಿಯ, ನಿಕೊದೇಮ, ತನ್ನ ಸಮಾಧಿಯನ್ನೇ ಬಿಟ್ಟುಕೊಟ್ಟ ಅರಿಮತಾಯದ ಜೋಸೆಫ, ಇವರೆಲ್ಲ ಯೆಹೂದ್ಯರೇ. ವೇದಿಕೆಯ ಮೇಲೆ ಯೇಸು ಮತ್ತು ಶಿಷ್ಯರು ಮಾತ್ರ ಕ್ರೈಸ್ತರಂತೆಯೂ ಎದುರಿನವರು ಮಾತ್ರ ಯೆಹೂದ್ಯರಂತೆಯೂ ಕಂಡರೆ ಅದು ಶುಭಸಂದೇಶಕ್ಕೆ ಬಗೆದ ದ್ರೋಹವೇ ಸರಿ.

ನಮ್ಮ ಜಿಲ್ಲೆಯ ಜನರು ಯಕ್ಷಗಾನವನ್ನು ನೋಡಿ ಬೆಳೆದವರು. ಬಣ್ಣದ ವೇಷವು ಅಬ್ಬರಿಸುತ್ತಾ ರಂಗಕ್ಕೆ ಬಂದಾಗ ಅದು ರಕ್ಕಸನೆಂದು ಮಕ್ಕಳಿಗೂ ತಿಳಿಯುತ್ತದೆ. ಬೆಳಗಾಗಿ ಬಣ್ಣ ತೊಳೆದರೆ ರಕ್ಕಸನೂ ಇಲ್ಲ, ಅವನ ವಂಶದವರೆಂದು ನಾವು ಬೊಟ್ಟುಮಾಡುವ ನೆರೆಯವರೂ ಇಲ್ಲ. ಯೇಸುವಿನ ಯಾತನೆಯ ನಾಟಕ ಹಾಗಲ್ಲ. ಕಾಯಫನಿಗೆ ಬಣ್ಣದ ವೇಷದ ಅಬ್ಬರವನ್ನು ಕೊಟ್ಟು ಅವನ ಸುತ್ತ ನಿಂತವರನ್ನು ಯೆಹೂದ್ಯರೆಂದು ಕರೆದರೆ, ಆ ಹೆಸರಿನ ಜೀವಂತ ಜನರು ಲೋಕದಲ್ಲಿದ್ದಾರೆ. ಅವರಿಗೂ ಮಕ್ಕಳಿದ್ದಾರೆ.

ಯೆಹೂದ್ಯರು ನಮಗೆ ದೂರದವರೆಂಬ ಮಾತೂ ಪೂರ್ಣ ನಿಜವಲ್ಲ. 12ನೇ ಶತಮಾನದಲ್ಲಿ ಉತ್ತರ ಆಫ್ರಿಕದ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವ್ಯಾಪಾರಿಯು ಸುಮಾರು ಹದಿನೇಳು ವರ್ಷ ಮಂಗಳೂರಿನಲ್ಲಿ ನೆಲೆಸಿದ್ದನು. ಇಲ್ಲಿಂದ ಕಾಳುಮೆಣಸು, ಏಲಕ್ಕಿ, ಅಡಿಕೆಗಳನ್ನು ಏಡನ್ ಬಂದರಿಗೆ ಕಳುಹಿಸುತ್ತಿದ್ದನು. ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ನಡೆಸುತ್ತಿದ್ದನು. ಕೈರೋ ನಗರದ ಯೆಹೂದ್ಯ ಮಂದಿರದಲ್ಲಿ ದೊರೆತ ಹಳೆಯ ಪತ್ರಗಳು ಅವನ ಕಥೆಯನ್ನೂ, ಅವನ ನಂಬಿಕೆಯ ಆಳು ಬೊಮ್ಮನ ಕಥೆಯನ್ನೂ ನಮಗೆ ಉಳಿಸಿಕೊಟ್ಟಿವೆ. ಅಮಿತಾವ್ ಘೋಷ್‌ರವರು 1992ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಕಥೆ ಲೋಕಕ್ಕೆಲ್ಲ ತಿಳಿಯಿತು. ಕೊಚ್ಚಿಯ ಮಟ್ಟಂಚೇರಿಯಲ್ಲಿ ಅರಸನ ಅರಮನೆಯ ಪಕ್ಕದಲ್ಲೇ 1568ರಲ್ಲಿ ಯೆಹೂದ್ಯರು ಮಂದಿರವನ್ನು ಕಟ್ಟಿಕೊಂಡರು. ಈ ಕರಾವಳಿಯಲ್ಲಿ ಅವರಿಗೆ ಕಾಟ ಕೊಟ್ಟವರು ಬಹುಮಟ್ಟಿಗೆ ನಮ್ಮದೇ ಧರ್ಮದ ಪೋರ್ಚುಗೀಸರು ಎಂದು ಹೇಳಲು ನಮಗೆ ನಾಚಿಕೆಯಾಗುತ್ತದೆ. ನಮ್ಮ ಹಿರಿಯರು ಬಿಟ್ಟು ಬಂದ ಗೋವೆಯಲ್ಲಿ 1560ರಲ್ಲಿ ಸ್ಥಾಪನೆಯಾದ ಇನ್‌ಕ್ವಿಸಿಷನ್ ನ್ಯಾಯಾಸ್ಥಾನವು ಯೆಹೂದ್ಯ ಮೂಲದ ಕ್ರೈಸ್ತರನ್ನು ಬೇಟೆಯಾಡಿತು. ನಮ್ಮ ನಾಡಿನ ಗಿಡಮೂಲಿಕೆಗಳ ಬಗ್ಗೆ 1563ರಲ್ಲಿ ಮಹತ್ವದ ಗ್ರಂಥವನ್ನು ಪ್ರಕಟಿಸಿದ ವೈದ್ಯ ಗಾರ್ಸಿಯಾ ದ ಓರ್ತಾ ಅಂಥ ಮೂಲದವನು. ಅವನು ಸತ್ತ ಮರುವರ್ಷ ಅವನ ಸೋದರಿಯನ್ನು ಬೆಂಕಿಗೆ ಒಪ್ಪಿಸಲಾಯಿತು. 1580ರಲ್ಲಿ ಅವನ ಎಲುಬುಗಳನ್ನೂ ಗೋರಿಯಿಂದ ಅಗೆದು ಸುಡಲಾಯಿತು.

ಕೆಲವರ ಅಪರಾಧಕ್ಕೆ ಇಡೀ ಸಮುದಾಯವನ್ನು ಹೊಣೆ ಮಾಡುವುದೆಂದರೇನು ಎಂಬುದನ್ನು ನಮಗೆ ಇತರರು ಕಲಿಸಬೇಕಾಗಿಲ್ಲ. 1784ರ ವಿಭೂತಿ ಬುಧವಾರದಂದು ಆರಂಭವಾದ ಸೆರೆಯ ಕಥೆ ನಮ್ಮ ಮನೆಮನೆಗಳಲ್ಲಿ ಇನ್ನೂ ಜೀವಂತವಾಗಿದೆ. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಇಡೀ ಕಥೋಲಿಕ ಸಮಾಜವನ್ನು, ಬಾಣಂತಿಯರನ್ನೂ ವೃದ್ಧರನ್ನೂ ಬಿಡದೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಗಲಾಯಿತು. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ದುಷ್ಕರ್ಮಿಗಳು ನುಗ್ಗಿದಾಗ ಕೇಳಿಬಂದ ನೆಪವೂ ಬೇರೊಂದು ಪಂಗಡದ ಪುಸ್ತಕದ್ದು. ಆ ಪುಸ್ತಕಕ್ಕೂ ಆ ಮಠದ ಸಹೋದರಿಯರಿಗೂ ಯಾವ ಸಂಬಂಧವೂ ಇರಲಿಲ್ಲ. "ಇದು ನಾವು ಮಾಡಿದ್ದಲ್ಲ" ಎಂದು ಅಂದು ಕೂಗಿ ಹೇಳಿದ ನಾವು, ಅದೇ ಮಾತನ್ನು ಯೆಹೂದ್ಯರು ಹೇಳಿದಾಗ ಕಿವಿ ಮುಚ್ಚಿಕೊಳ್ಳಬಹುದೇ? ಈ ನ್ಯಾಯ ಎರಡೂ ಕಡೆಗೆ ಸಲ್ಲುತ್ತದೆ. ಟಿಪ್ಪುವಿನ ಕಾಲದ ನೋವನ್ನು ಇಂದಿನ ಮುಸ್ಲಿಂ ನೆರೆಯವನ ತಲೆಗೆ ಕಟ್ಟಿದರೆ ನಾವೂ ಅದೇ ಪಾಪವನ್ನು ಮಾಡಿದಂತಾಗುತ್ತದೆ.

ಈ ಎಚ್ಚರವು ಇಂದು ಹಿಂದಿಗಿಂತಲೂ ಹೆಚ್ಚು ಅಗತ್ಯವಾಗಿದೆ. 2023ರ ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ನಡೆದ ಹತ್ಯಾಕಾಂಡ, ಆ ಬಳಿಕ ಗಾಜಾದಲ್ಲಿ ಸಾವಿರ ಸಾವಿರ ಸಂಖ್ಯೆಯಲ್ಲಿ ಸತ್ತ ಹೆಂಗಸರು ಮತ್ತು ಮಕ್ಕಳು, ಇವೆರಡೂ ನಮ್ಮ ಹೃದಯವನ್ನು ಕಲಕಿವೆ. ಒಂದು ಸರಕಾರದ ಕೃತ್ಯವನ್ನು ಖಂಡಿಸುವ ಹಕ್ಕು ಎಲ್ಲರಿಗೂ ಇದೆ. ಆದರೆ ಆ ಸಿಟ್ಟಿನಲ್ಲಿ "ಯೇಸುವನ್ನು ಕೊಂದವರಲ್ಲವೇ" ಎಂಬ ಹಳೆಯ ಮಾತು ನಮ್ಮ ಬಾಯಿಂದ ಹೊರಟರೆ, ಅಲ್ಲಿ ಗಾಜಾದ ಮಗುವಿನ ಮೇಲಿನ ಕರುಣೆ ಇಲ್ಲ. ಅದು ಫ್ರೈಬುರ್ಗಿನ ಹಳೆಯ ವಿಷವೇ.

ಹಾಗಾದರೆ ನಾಟಕವನ್ನು ನಿಲ್ಲಿಸಬೇಕೆ? ಖಂಡಿತ ಬೇಡ. ಓಬರಾಮ್ಮರ್ಗೌ ಗ್ರಾಮಸ್ಥರು ಹರಕೆಯನ್ನು ಬಿಡಲಿಲ್ಲ, ನಾಟಕವನ್ನು ತಿದ್ದಿದರು. ರಕ್ತದ ಹೊಣೆಯ ಕೂಗನ್ನು ತೆಗೆದರು. ಯೇಸುವನ್ನು ಶಿಷ್ಯರು ರಬ್ಬಿ ಎಂದು ಕರೆಯುವಂತೆ ಮಾಡಿದರು. 2022ರ ಪ್ರದರ್ಶನದಲ್ಲಿ ಯೇಸು ಹೀಬ್ರೂ ಭಾಷೆಯಲ್ಲಿ ಪ್ರಾರ್ಥಿಸಿದನು. ಯೂದನ ಪಾತ್ರಧಾರಿಗಳಲ್ಲಿ ಒಬ್ಬನು ಆ ಊರಿನ ಮುಸ್ಲಿಂ ಯುವಕ. ನಮ್ಮ ಯುವಜನರೂ ಇಷ್ಟನ್ನು ಮಾಡಬಹುದು. ಜನಸಮೂಹದಲ್ಲಿ ಕೂಗುವವರ ಜತೆ ಅಳುವವರೂ ಇರಲಿ. ಕಾಯಫನ ಸಭೆಯಲ್ಲಿ ಒಬ್ಬ ನಿಕೊದೇಮನಾದರೂ ಕಾಣಲಿ. ಪಿಲಾತನ ಕೈ ತೊಳೆದ ನೀರು ಅವನ ಪಾಪವನ್ನು ತೊಳೆಯದಿರಲಿ. ಮಾತೆ ಮರಿಯಮ್ಮ ಯೆಹೂದ್ಯ ತಾಯಿಯೆಂದು ನಿರೂಪಕನು ಒಂದು ಮಾತಿನಲ್ಲಾದರೂ ಹೇಳಲಿ. ಮುಖ್ಯವಾಗಿ, ಅಭ್ಯಾಸ ಆರಂಭಿಸುವ ಮುನ್ನ ಧರ್ಮಗುರುಗಳೊಡನೆ ಕುಳಿತು ಸಂಭಾಷಣೆಯನ್ನು ಒಮ್ಮೆ ಪೂರ್ಣವಾಗಿ ಓದುವ ಪದ್ಧತಿ ಬರಲಿ.

ಗರಿಗಳ ರವಿವಾರದಂದು ಯಾತನೆಯ ಚರಿತ್ರೆಯನ್ನು ಓದುವಾಗ ಹಲವು ಇಗರ್ಜಿಗಳಲ್ಲಿ ಜನಸಮೂಹದ ಮಾತುಗಳನ್ನು ಭಕ್ತಜನರೇ ಹೇಳುತ್ತಾರೆ. ಕೈಯಲ್ಲಿ ಗರಿ ಹಿಡಿದು ಜಯಘೋಷ ಮಾಡಿದ ನಾವೇ ಸ್ವಲ್ಪ ಹೊತ್ತಿನಲ್ಲಿ ಶಿಲುಬೆಗೇರಿಸೆಂದು ಕೂಗುತ್ತೇವೆ. ಇದು ಆಕಸ್ಮಿಕವಲ್ಲ. ಯೇಸುವಿನ ಮರಣಕ್ಕೆ ಕಾರಣ ಪಾಪಿಗಳೆಲ್ಲರೂ, ಅದರಲ್ಲಿಯೂ ಅವರನ್ನು ಅರಿತು ಪಾಪಗೈಯುವ ಕ್ರೈಸ್ತರ ಅಪರಾಧವೇ ಹೆಚ್ಚಿನದು ಎಂದು ಟ್ರೆಂಟ್ ಮಹಾಸಭೆಯ ಬಳಿಕ 1566ರಲ್ಲಿ ಬಂದ ಧರ್ಮೋಪದೇಶ ಗ್ರಂಥವೇ ಬೋಧಿಸಿತ್ತು; 1992ರ ಗ್ರಂಥವೂ ಅದನ್ನೇ ಎತ್ತಿ ಹೇಳಿದೆ. ಆದುದರಿಂದ ಮುಂದಿನ ಪವಿತ್ರ ವಾರದಲ್ಲಿ ಮಗುವು ನಮ್ಮನ್ನು ಆ ಪ್ರಶ್ನೆ ಕೇಳಿದರೆ ಉತ್ತರ ಸಿದ್ಧವಾಗಿರಲಿ: "ಯೆಹೂದ್ಯರಲ್ಲ ಮಗೂ, ಅಲ್ಲಿ ಕೂಗಿದವರು ನಾವು. ಆ ಕೂಗನ್ನು ಕೇಳಿಯೂ ಯೇಸು ನಮ್ಮನ್ನು ಕ್ಷಮಿಸಿದರು."